ಜೌಗು ನೆಲ ಬಿಳಿ ಕುಚ್ಚು ಮುಡಿದದ್ದು

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಎಂದರೆ, ಯಾವ ಕಡೆ ಹರಿಯಬೇಕು ಎಂಬುದೇ ಹೊಳೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಆ ಕಡೆ ಹೋಗುತ್ತಿದ್ದವು, ಮರುದಿನ ಮನಸ್ಸು ಬದಲಾಯಿಸಿ ಈ ಕಡೆ ಬರುತ್ತಿದ್ದವು.

ಆ ಕಾಲದಲ್ಲಿ ದೂರದ ಪಡುವಣ ಕಡಲಿನಲ್ಲಿರುವ ಐರ್ಲೆಂಡ್ ಎಂಬ ದ್ವೀಪದ ಮೇಲೆ ಹಿಮಜ್ಜಿ ಮಲಗಿದ್ದಳು. ತಲೆ ಉತ್ತರದ ಬೆಟ್ಟಗಳ ಮೇಲೆ, ಕಾಲು ತೆಂಕಣ ಬಯಲಿನಲ್ಲಿ. ಬೆಳ್ಳಗಿನ ದಪ್ಪ ಅಜ್ಜಿ. ಅವಳು ಮಗ್ಗುಲು ಬದಲಾಯಿಸಿದರೆ ಬೆಟ್ಟ ಸವೆದು ಕಣಿವೆಯಾಗುತ್ತಿತ್ತು. ಅವಳ ಉಗುರು ತಾಗಿದರೆ ಬಂಡೆಯ ಮೇಲೆ ಉದ್ದುದ್ದ ಗೀರು ಬೀಳುತ್ತಿತ್ತು. ಹಾಗೆಂದು ಕೆಟ್ಟವಳೇನಲ್ಲ.

ಅವಳಿಗೊಂದು ಅಭ್ಯಾಸವಿತ್ತು. ಸಿಕ್ಕಿದ್ದನ್ನೆಲ್ಲ ಎತ್ತಿಟ್ಟುಕೊಳ್ಳುತ್ತಿದ್ದಳು. ಬಂಡೆ, ಮರಳು, ಜಲ್ಲಿ, ಕಡವೆಯ ಮುರಿದ ಕೊಂಬು, ಎಲ್ಲವೂ ಅವಳ ಮಡಿಲಿನಲ್ಲೇ. ಇರಲಿ, ಯಾವತ್ತಾದರೂ ಬೇಕಾಗುತ್ತದೆ ಎನ್ನುತ್ತಿದ್ದಳು. ಇಂಥ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದಾರೆ, ಖಾಲಿ ಡಬ್ಬವನ್ನೂ ದಾರದ ತುಂಡನ್ನೂ ಎಸೆಯಲು ಬಿಡುವುದಿಲ್ಲ.

ಹಿಮಜ್ಜಿಯ ಕಾಲ ಬುಡದಲ್ಲಿ ನೂಲಾ ಎಂಬ ಹೆಂಗಸು ತನ್ನ ಗಂಡ ಕೋನಲ್‌ನ ಜೊತೆ ಕಲ್ಲಿನ ಗುಡಿಸಲಿನಲ್ಲಿ ಇದ್ದಳು. ಬೇಸಿಗೆಯಲ್ಲಿ ಹಸುಗಳು ಹಾಲು ಕೊಡುತ್ತಿದ್ದವು. ನೂಲಾ ಕಡೆದು ಬೆಣ್ಣೆ ತೆಗೆದು, ಮರದ ಕೊಳಗಕ್ಕೆ ಒತ್ತಿ ತುಂಬಿ, ಹಿಮಜ್ಜಿಯ ಪಾದದ ಒಳಗೆ ಹೂತಿಡುತ್ತಿದ್ದಳು. ಮೇಲೊಂದು ಕಲ್ಲು ಇಡುತ್ತಿದ್ದಳು, ಗುರುತಿಗೆ. ಅಲ್ಲಿಯ ಜನಕ್ಕೆ ಎಲ್ಲದಕ್ಕೂ ಕಲ್ಲೇ ಗುರುತು. ಹೊಲದ ಅಂಚಿಗೂ ಕಲ್ಲು, ದಾರಿಯ ತಿರುವಿಗೂ ಕಲ್ಲು, ತೀರಿಕೊಂಡವರ ತಲೆಯ ಹತ್ತಿರವೂ ಕಲ್ಲು.

ಚಳಿಗಾಲ ಬಂದಾಗ ಗಂಡಸರು ಹಸುಗಳನ್ನು ಹೊಡೆದುಕೊಂಡು ದೂರದ ಕಡಲಂಚಿಗೆ ಹೋಗುತ್ತಿದ್ದರು. ಹುಲ್ಲು ಇರುತ್ತಿದ್ದದ್ದು ಅಲ್ಲಿ ಮಾತ್ರ. ಮನೆಯಲ್ಲಿ ಉಳಿದವರಿಗೆ ಹೂತಿಟ್ಟ ಬೆಣ್ಣೆಯೇ ಗತಿ.

ಒಂದು ವಸಂತದಲ್ಲಿ ಸೂರ್ಯ ಬಹಳ ಹತ್ತಿರ ಬಂದು, ಅಜ್ಜಿ, ಮಲಗಿದ್ದು ಸಾಕು, ಇನ್ನು ಹೊರಡಿ ಎಂದ. ಹಿಮಜ್ಜಿ ಮುಲುಗುತ್ತ ಎದ್ದಳು. ಅವಳು ಸೆರಗು ಎಳೆದುಕೊಂಡು ಬಡಗಣ ದಿಕ್ಕಿಗೆ ಹೊರಟಾಗ ಮಡಿಲಿನಲ್ಲಿದ್ದದ್ದೆಲ್ಲ ದಾರಿಯುದ್ದಕ್ಕೂ ಉದುರಿತು. ಮಣ್ಣು ಬಿದ್ದಲ್ಲಿ ಅರ್ಧ ಮೊಟ್ಟೆ ಮಗುಚಿಟ್ಟಂಥ ಗುಡ್ಡಗಳಾದವು. ಮರಳು ಸೋರಿದಲ್ಲಿ ಉದ್ದನೆಯ ದಿಬ್ಬಗಳಾದವು. ಬಯಲಿನ ನಡುವೆ ಒಂದೊಂದು ಒಂಟಿ ಬಂಡೆ, ಮರೆತುಹೋದ ಗಂಟಿನ ಹಾಗೆ, ಅಲ್ಲೇ ಕುಳಿತುಬಿಟ್ಟಿತು.

ನೂಲಾ ಅವಳ ಹಿಂದೆಯೇ ಓಡಿದಳು. ಓಡಬಾರದಿತ್ತು, ಬಸುರಿ. ಆದರೆ ಹೆದರಿಕೆ ಅವಳನ್ನು ಓಡಿಸಿತು.

"ಅಜ್ಜಿ, ನೀವು ಹೋದರೆ ನನ್ನ ಬೆಣ್ಣೆ ಕೆಟ್ಟುಹೋಗುತ್ತದೆ," ಎಂದಳು. "ಬರುವ ಚಳಿಗಾಲಕ್ಕೆ ನಾನು ಬಾಣಂತಿ. ನನ್ನ ಹೊಟ್ಟೆಗೇ ಇಲ್ಲದಿದ್ದರೆ ಮಗುವಿಗೆ ಹಾಲು ಎಲ್ಲಿಂದ ಬರಬೇಕು?"

ಹಿಮಜ್ಜಿ ನಿಂತಳು. ತಿರುಗಿ ನೋಡಿದಳು. ಅವಳಿಗೆ ಅಳು ಬಂತು. ಆ ಕಣ್ಣೀರು ತಗ್ಗುತಗ್ಗಿನಲ್ಲೆಲ್ಲ ನಿಂತು ಕೆರೆಗಳಾದವು.

ತನ್ನ ತಂಪನ್ನು ಬಿಟ್ಟುಹೋಗಲು ಸೂರ್ಯ ಒಪ್ಪುವುದಿಲ್ಲ, ಆದರೆ ತನ್ನ ಬುದ್ಧಿಯನ್ನು ಬಿಟ್ಟುಹೋಗುತ್ತೇನೆ ಎಂದಳು. ಕೆರೆಯ ದಡದಲ್ಲಿ ಪಾಚಿ ಇದ್ದಳು. ಬೇರಿಲ್ಲ, ಹೂವಿಲ್ಲ, ಉಗುರಿನಷ್ಟು ಎತ್ತರ. ಅವಳನ್ನು ಅದುವರೆಗೆ ಯಾರೂ ಮಾತಾಡಿಸಿಯೇ ಇರಲಿಲ್ಲ. ಹಿಮಜ್ಜಿ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು: ಸಿಕ್ಕಿದ್ದನ್ನೆಲ್ಲ ಜೋಪಾನವಾಗಿಡು, ಏನನ್ನೂ ಕೆಡಲು ಬಿಡಬೇಡ. ಅಷ್ಟು ಹೇಳಿ ಹೊರಟುಹೋದಳು.

ಅರ್ಧ ಪಾಠ ಹೇಳಿ ಹೋದಳು ಎನ್ನಿ. ಜೋಪಾನವಾಗಿಟ್ಟದ್ದನ್ನು ಏನು ಮಾಡಬೇಕು ಎಂದು ಹೇಳಲಿಲ್ಲ. ಅವಳಿಗೂ ಅದು ಗೊತ್ತಿರಲಿಲ್ಲವೇನೋ, ಪಾಪ.

ಪಾಚಿಗೆ ಸಂತೋಷವೋ ಸಂತೋಷ. ಮೊದಲ ಬಾರಿಗೆ ಯಾರೋ ಒಂದು ಕೆಲಸ ಒಪ್ಪಿಸಿದ್ದರು. ಅವಳು ಬೆಳೆದಳು. ತನ್ನ ಮೇಲೆ ತಾನೇ ಬೆಳೆದಳು, ಅದರ ಮೇಲೆ ಮತ್ತೆ ಬೆಳೆದಳು. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವಲ್ಲ, ಇಲ್ಲಿ ಎಳೆ ಎಳೆ ಕೂಡಿ ಹಳ್ಳವೇ ತುಂಬಿತು. ಹೊಸ ಲೋಕದಲ್ಲಿ ಎಲ್ಲವೂ ಬೇಗ ಆಗುತ್ತಿತ್ತು. ಬೇಸಿಗೆಯ ಹೊತ್ತಿಗೆ ಕೆರೆ ಇದ್ದಲ್ಲಿ ಕಂದು ಬಣ್ಣದ ಮೆತ್ತನೆಯ ನೆಲ, ಮೇಲೆ ಹಸಿರು ಹೊದಿಕೆ. ಅದೇ ಜೌಗು.

ನೂಲಾ ತನ್ನ ಬೆಣ್ಣೆಯ ಕೊಳಗವನ್ನು ಆ ಜೌಗಿನೊಳಗೆ ಇಳಿಸಿದಳು. ಮೇಲೆ ಒಂದು ಒಳ್ಳೆಯ ದಪ್ಪ ಕಲ್ಲು ಇಟ್ಟು ನಿಶ್ಚಿಂತೆಯಿಂದ ಮನೆಗೆ ಹೋದಳು.

ಮೆತ್ತನೆಯ ನೆಲದ ಮೇಲೆ ಕಲ್ಲು ನಿಲ್ಲುತ್ತದೆಯೇ? ನಿಮಗೆ ಗೊತ್ತು, ನನಗೆ ಗೊತ್ತು. ನೂಲಾಗೆ ಗೊತ್ತಿರಲಿಲ್ಲ. ಮೆತ್ತನೆಯ ನೆಲವನ್ನು ಅವಳ ಜನ ಕಂಡೇ ಇರಲಿಲ್ಲ. ಕಲ್ಲು ದಿನಕ್ಕಿಷ್ಟು ಇಳಿಯುತ್ತ ಇಳಿಯುತ್ತ ಒಳಗೆ ಹೋಯಿತು. ಪಾಚಿ ಅದನ್ನೂ ಜೋಪಾನವಾಗಿಟ್ಟುಕೊಂಡಳು.

ಚಳಿಗಾಲ ಬಂತು. ಕೋನಲ್ ಹಸುಗಳ ಜೊತೆ ಕಡಲಂಚಿಗೆ ಹೋದ. ನೂಲಾಗೆ ಗಂಡುಮಗು ಹುಟ್ಟಿತು. ರೋನನ್ ಎಂದು ಹೆಸರಿಟ್ಟಳು. ಮನೆಯಲ್ಲಿದ್ದ ಹಿಟ್ಟಿನ ಗಂಜಿ ದಿನದಿನಕ್ಕೆ ತೆಳ್ಳಗಾಯಿತು. ಅವಳ ಎದೆಯ ಹಾಲೂ ಕಡಿಮೆಯಾಯಿತು. ಮಗು ಅತ್ತಿತು. ಆಮೇಲೆ ಅಳುವುದನ್ನೂ ಕಡಿಮೆ ಮಾಡಿತು. ಅಳುವಾಗ ಇದ್ದದ್ದಕ್ಕಿಂತ ಹೆಚ್ಚು ಭಯ ಅವಳಿಗೆ ಆಗ ಆಯಿತು.

ಮಗುವನ್ನು ಎದೆಗೆ ಕಟ್ಟಿಕೊಂಡು ಜೌಗಿಗೆ ಬಂದಳು. ಕಲ್ಲು ಇರಲಿಲ್ಲ. ಎಲ್ಲಿ ನೋಡಿದರೂ ಒಂದೇ ಕಂದು, ಒಂದೇ ಹಸಿರು. ಇಲ್ಲಿ ಕೆದಕಿದಳು, ಅಲ್ಲಿ ಕೆದಕಿದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಇವಳು ಬೆಣ್ಣೆಯ ಮೇಲೆಯೇ ನಿಂತಿರಬಹುದು, ಯಾರಿಗೆ ಗೊತ್ತು.

ಗಾಳಿಯನ್ನು ಕೇಳಿದಳು. ನಾನು ಮೇಲೆ ಹೋಗುವವನು ತಾಯಿ, ಒಳಗಿನದು ತಿಳಿಯದು ಎಂದಿತು ಗಾಳಿ. ಹೊಳೆಯನ್ನು ಕೇಳಿದಳು. ನಾನು ಸುತ್ತಿಕೊಂಡು ಹೋಗುವವಳು, ನಡುವಿನದು ತಿಳಿಯದು ಎಂದಿತು ಹೊಳೆ. ನೂಲಾ ಅಲ್ಲೇ ಕುಸಿದು ಕುಳಿತಳು.

"ಪಾಚಿ, ನನ್ನ ಬೆಣ್ಣೆ ಎಲ್ಲಿ?"

"ಜೋಪಾನವಾಗಿದೆ ಅಕ್ಕ," ಎಂದಳು ಪಾಚಿ ಹೆಮ್ಮೆಯಿಂದ. "ಒಂದು ಚೂರೂ ಕೆಟ್ಟಿಲ್ಲ."

"ಹಾಗಾದರೆ ಕೊಡು."

"ಕೊಡುವುದು ಅಂದರೆ?"

ನೂಲಾಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದಳು. ಆದರೆ ಪಾಚಿ ಕೇಳಿದ ರೀತಿಯಲ್ಲಿ ಕಪಟ ಇರಲಿಲ್ಲ. ಗೊತ್ತಿಲ್ಲದ ಮಗು ಕೇಳಿದ ಹಾಗಿತ್ತು. ಗೊತ್ತಿಲ್ಲದವರಿಗೆ ಬೈದು ಏನು ಬಂತು? ಅವಳು ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ರೋನನ್‌ನನ್ನು ಮೆಲ್ಲಗೆ ಪಾಚಿಯ ಮೇಲೆ ಮಲಗಿಸಿದಳು.

"ಇವನನ್ನು ನಾನೂ ಹೊಟ್ಟೆಯೊಳಗೆ ಜೋಪಾನವಾಗಿಟ್ಟುಕೊಂಡಿದ್ದೆ," ಎಂದಳು. "ಹೊರಗೆ ಕೊಡದೆ ಹಾಗೆಯೇ ಇಟ್ಟುಕೊಂಡಿದ್ದರೆ ಇವನೂ ಉಳಿಯುತ್ತಿರಲಿಲ್ಲ, ನಾನೂ ಉಳಿಯುತ್ತಿರಲಿಲ್ಲ. ಇಟ್ಟುಕೊಳ್ಳುವುದು ಕೊಡುವುದಕ್ಕೇ, ಪಾಚಿ."

ಪಾಚಿಯ ಮೇಲೆ ಅದುವರೆಗೆ ಬಿದ್ದದ್ದೆಲ್ಲ ತಣ್ಣಗಿನದೇ, ಮಳೆ, ಮಂಜು, ಕಲ್ಲು. ಈಗ ಒಂದು ಬೆಚ್ಚನೆಯ ಪುಟ್ಟ ಮೈ ಮಲಗಿತ್ತು. ರೋನನ್ ಇದ್ದಬದ್ದ ಶಕ್ತಿಯಲ್ಲಿ ಒಮ್ಮೆ ಕಾಲು ಆಡಿಸಿದ. ಆ ಪುಟ್ಟ ಹಿಮ್ಮಡಿ ಪಾಚಿಗೆ ತಾಗಿತು.

ಪಾಚಿ ನಡುಗಿದಳು. ಈ ದಡದಿಂದ ಆ ದಡದವರೆಗೆ ಇಡೀ ಜೌಗು ನಡುಗಿತು. ನಡುಗುತ್ತ ನಡುಗುತ್ತ ನೂಲಾಳ ಮೊಣಕಾಲಿನ ಹತ್ತಿರವೇ ನೆಲ ಬಾಯಿ ಬಿಟ್ಟು, ಬೆಣ್ಣೆಯ ಕೊಳಗ ಮೇಲೆ ಬಂತು.

ನೂಲಾ ಅಲ್ಲೇ ಕುಳಿತು ಬೆರಳಿನಿಂದ ತೆಗೆದು ತಿಂದಳು. ಬೆಣ್ಣೆ ಹೊಸದರ ಹಾಗೆಯೇ ಇತ್ತು, ಬೇಸಿಗೆಯ ಹುಲ್ಲಿನ ವಾಸನೆ ಕೂಡ ಹೋಗಿರಲಿಲ್ಲ. ದಿನವೂ ತಿಂದಳು. ಎದೆಗೆ ಹಾಲು ಮರಳಿತು. ರೋನನ್ ಕುಡಿದ, ತೇಗಿದ, ಮತ್ತೆ ಮೊದಲಿನಂತೆ ಊರಿಗೆಲ್ಲ ಕೇಳುವ ಹಾಗೆ ಅಳತೊಡಗಿದ. ಆ ಅಳು ಕೇಳಿ ನೂಲಾ ಸಂತೋಷದಿಂದ ತಾನೂ ಅತ್ತಳು.

ಕೊಡುವುದು ಎಂದರೇನು ಎಂದು ತಿಳಿದ ಮೇಲೆ ಪಾಚಿಯನ್ನು ತಡೆಯುವವರೇ ಇಲ್ಲ. ಕೋನಲ್ ಮರಳಿ ಬಂದಾಗ, ಭಾವ, ನನ್ನ ಮೈಯನ್ನೇ ಇಟ್ಟಿಗೆಯ ಹಾಗೆ ಕಡಿದು ಒಣಗಿಸಿಕೊಳ್ಳಿ, ಮುಂದಿನ ಚಳಿಗೆ ಒಲೆಯಲ್ಲಿ ಉರಿಯುತ್ತೇನೆ ಎಂದಳು. ನೋಯುವುದಿಲ್ಲವೇ ಎಂದು ಅವನು ಹಿಂಜರಿದ. ಮೇಲಿನ ಹಸಿರು ಹೊದಿಕೆಯನ್ನು ಎಸೆಯದೆ ಮತ್ತೆ ಹೊದಿಸಿಬಿಡಿ, ಬೆಳೆದುಕೊಳ್ಳುತ್ತೇನೆ ಎಂದಳು ಪಾಚಿ. ಅಲ್ಲಿಯ ಬಲ್ಲವರು ಜೌಗು ಕಡಿದ ಮೇಲೆ ಹಸಿರು ಹೊದಿಕೆಯನ್ನು ಮುಖ ಮೇಲಾಗಿ ಮತ್ತೆ ಹಾಸುವುದು ಅದಕ್ಕೇ.

ಆದರೆ ಮುಳುಗಿದ ಕಲ್ಲಿನ ನಾಚಿಕೆ ಪಾಚಿಯ ಮನಸ್ಸಿನಲ್ಲಿ ಉಳಿದೇ ಇತ್ತು. ಇನ್ನು ಕಲ್ಲು ಇಡಬೇಡ ಅಕ್ಕ, ಗುರುತು ನಾನೇ ಇಡುತ್ತೇನೆ ಎಂದಳು. ಮುಂದಿನ ಬೇಸಿಗೆಯಲ್ಲಿ ನೂಲಾ ಕೊಳಗ ಹೂತ ಜಾಗದಲ್ಲಿ ತೆಳ್ಳನೆಯ ಕಡ್ಡಿಯೊಂದು ಎದ್ದು, ತುದಿಯಲ್ಲಿ ಹತ್ತಿಯಂಥ ಬಿಳಿ ಕುಚ್ಚು ಬಿಟ್ಟಿತು. ದೂರದಿಂದಲೇ ಕಾಣುತ್ತಿತ್ತು.

ಆಮೇಲೆ ಪಾಚಿ ಯೋಚಿಸಿದಳು. ಇನ್ನಾವುದೋ ತಾಯಿ ಹಸಿದು ಬಂದು ಈ ಒಂದು ಕುಚ್ಚನ್ನು ಕಾಣದೆ ಹೋದರೆ? ಅಲ್ಲೊಂದು ಕುಚ್ಚು ಇಟ್ಟಳು. ಇಲ್ಲೊಂದು ಇಟ್ಟಳು. ಇರಲಿ, ಯಾರಿಗಾದರೂ ಬೇಕಾಗುತ್ತದೆ ಎಂದು ಮತ್ತೊಂದು ಇಟ್ಟಳು. ಎಷ್ಟಾದರೂ ಹಿಮಜ್ಜಿಯ ಶಿಷ್ಯೆ. ಜೌಗೆಲ್ಲ ಬೆಳ್ಳಗಾಯಿತು.

ಎಲ್ಲೆಲ್ಲೂ ಗುರುತಿದ್ದರೆ ಗುರುತೇ ಇಲ್ಲದ ಹಾಗೆ. ನೂಲಾ ಬಂದು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚೆನ್ನಾಗಿದೆಯಾ ಅಕ್ಕ ಎಂದು ಪಾಚಿ ಕೇಳಿದಾಗ, ತುಂಬ ಚೆನ್ನಾಗಿದೆ ಎಂದಳು. ಬೇರೆ ಏನು ಹೇಳಲು ಸಾಧ್ಯ? ತನ್ನ ಕೊಳಗ ಎಲ್ಲಿ ಎಂದು ಮೆಲ್ಲಗೆ ಕೇಳಿ ತೆಗೆದುಕೊಂಡು ಹೋದಳು. ಅವಳ ನಂತರ ಬಂದವರು ಪಾಚಿಯನ್ನು ಮಾತಾಡಿಸುವುದನ್ನೇ ಮರೆತರು. ಎಷ್ಟೋ ಬೆಣ್ಣೆ ಒಳಗೇ ಉಳಿಯಿತು.

ಅದಕ್ಕೇ ಇವತ್ತಿಗೂ ಐರ್ಲೆಂಡಿನ ಜೌಗು ಬೇಸಿಗೆ ಬಂದರೆ ಬಿಳಿ ಕುಚ್ಚು ಮುಡಿದು ತಲೆದೂಗುತ್ತದೆ, ಜೌಗು ಕಡಿಯುವವರ ಗುದ್ದಲಿಗೆ ಒಮ್ಮೊಮ್ಮೆ ಹಳೆಯ ಕಾಲದ ಬೆಣ್ಣೆಯ ಕೊಳಗ ತಾಗುತ್ತದೆ. ಮತ್ತು ನೀವು ಆ ಜೌಗಿನ ಮೇಲೆ ಕಾಲಿಟ್ಟರೆ ಸಾಕು, ಆ ಪುಟ್ಟ ಹಿಮ್ಮಡಿಯೇ ಮತ್ತೆ ಬಂತೇನೋ ಎಂದು ಇಡೀ ನೆಲ ಮೆಲ್ಲಗೆ ನಡುಗುತ್ತದೆ.