ಕಂದಕಕ್ಕೆ ಮರಳಿದ ದಿಣ್ಣೆ

ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಉದ್ದನೆಯ ಮಣ್ಣಿನ ದಿಣ್ಣೆಯೊಂದಿತ್ತು. ಕಬ್ಬಿಣವನ್ನೇ ಕಾಣದ ಕಾಲದ ಜನ ಜಿಂಕೆಯ ಕೊಂಬಿನಿಂದ ಕಂದಕ ತೋಡಿ, ಆ ಮಣ್ಣನ್ನೇ ಪಕ್ಕಕ್ಕೆ ಒಟ್ಟಿ, ಇದು ನಮ್ಮ ಗಡಿ ಎಂದಿದ್ದರು. ಆ ಜನ ಹೋದರು. ದಿಣ್ಣೆ ಮಾತ್ರ ತಲೆಯೆತ್ತಿಕೊಂಡೇ ನಿಂತಿತ್ತು. ತನ್ನ ಮೈಯೆಲ್ಲ ಕಂದಕದ ಮಣ್ಣೆಂದು ಅದು ಒಮ್ಮೆಯೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಈಚೆಗೆ ಯಾರೋ ಬಂದು ದಿಣ್ಣೆಯ ಮೇಲೆ ಕಂಬ ನೆಟ್ಟು, ತಂತಿಯ ಜಾಲರಿ ಬೇಲಿ ಬಿಗಿದರು. ದಿಣ್ಣೆಗೆ ಹೆಮ್ಮೆಯೇ ಆಯಿತು.

ಆ ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಮೊಲಗಳೂ ಕಡವೆಗಳೂ ಓಡಿಬಂದು ಬೇಲಿಗೆ ಮೈಯೊತ್ತಿ ನಿಂತವು.

"ದಾರಿ ಬಿಡು," ಎಂದಿತು ಮುಂದಿದ್ದ ಮುಳ್ಳುಹಂದಿ.

"ಯಾರನ್ನೂ ದಾಟಗೊಡಬಾರದೆಂದು ನನ್ನ ಯಜಮಾನರ ಅಪ್ಪಣೆ," ಎಂದಿತು ಬೇಲಿ.

ದಿಣ್ಣೆ ಬೆಚ್ಚಿತು. ತನಗೂ ಇದೇ ಅಪ್ಪಣೆಯಾಗಿತ್ತು. ಕೊಟ್ಟವರು ಯಾವ ಬದಿಯವರೆಂದು ಎಷ್ಟು ಯೋಚಿಸಿದರೂ ಈಗ ನೆನಪಾಗಲಿಲ್ಲ.

"ಮುಳ್ಳುಹಂದಿಯೇ, ನನ್ನನ್ನು ಅಗೆ," ಎಂದಿತು.

"ಅಜ್ಜಾ, ಅಗೆದರೆ ನೀನು ಕುಸಿಯುತ್ತೀಯೆ."

"ಗೊತ್ತು. ಬೇಗ ಅಗೆ."

ಮುಳ್ಳುಹಂದಿ ಕಂಬಗಳ ಬುಡ ಕೆದರಿತು. ದಿಣ್ಣೆ ಇಷ್ಟು ಕಾಲ ಬಿಗಿಹಿಡಿದಿದ್ದ ಮೈಯನ್ನು ಸಡಿಲಬಿಟ್ಟಿತು. ಮಣ್ಣು ಜಾರಿ ಆಚೆಬದಿಯ ಕಂದಕ ತುಂಬಿತು, ಕಂಬಗಳು ಬೇಲಿಯೊಂದಿಗೆ ಅಡ್ಡಬಿದ್ದವು. ಪ್ರಾಣಿಗಳೆಲ್ಲ ಅದರ ಮೇಲೆಯೇ ಹಾದು ದೂರದ ಬಂಡೆಗಳ ನಡುವೆ ಸೇರಿಕೊಂಡವು.

ಹೊಗೆ ತಿಳಿಯಾದಾಗ ಆ ಜಾಗದಲ್ಲಿ ದಿಣ್ಣೆಯೂ ಇರಲಿಲ್ಲ, ಕಂದಕವೂ ಇರಲಿಲ್ಲ, ಬರೀ ನೆಲವಿತ್ತು. ಕತ್ತಲಲ್ಲಿ ಮೈಚೆಲ್ಲಿ ಮಲಗಿದ್ದ ದಿಣ್ಣೆಗೆ ಕೆಳಗಿನಿಂದ ಕಂದಕದ ದನಿ ಕೇಳಿಸಿತು:

"ಬಂದೆಯಾ? ನಿನ್ನ ಜಾಗ ಹಾಗೇ ಇಟ್ಟಿದ್ದೆ."