ಉಪ್ಪಿನ ಉಗ್ರಾಣದ ಎರಡನೇ ಮೊಳೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಾಸ್ಟೆಲಿನ ವಾರ್ಡನ್ ಇಂದುಮತಿ ಮೇಡಂ. ಹೇಳಿ ಮುಗಿಸಿ ಗೇಟಿಗೆ ಬೀಗ ಜಡಿದರು ಎಂಬುದೂ ನಿಜ.

ಶಿಷ್ಯೆಯೊಬ್ಬಳು ಗುರುವಿನ ಬಳಿ ಬಂದು ಕೇಳಿದಳು: "ಗುರುಗಳೇ, ಬೆಳೆದ ಮಗಳಿದ್ದಾಳೆ. ಹೊರಗೆ ಹೋದರೆ ಏನಾಗುತ್ತದೋ ಎಂಬ ಭಯ ನನಗೆ. ಹೋಗಬೇಡ ಅಂದೆ, ಮಾತು ಬಿಟ್ಟಳು. ಬಾಗಿಲಿಗೆ ಚಿಲಕ ಹಾಕಿದೆ, ಊಟ ಬಿಟ್ಟಳು. ಇನ್ನೆಷ್ಟು ಬಿಗಿ ಹಿಡಿಯಲಿ?"

ಗುರು ಹೇಳಿದರು:

ಕಡಲ ದಂಡೆಯಲ್ಲಿ ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಬರುವ ಬೇಸಿಗೆಯ ಉಪ್ಪನ್ನೆಲ್ಲ ಇಡಲು ಅವನಿಗೆ ಉಗ್ರಾಣ ಬೇಕಿತ್ತು. ಬಡಗಿಯನ್ನು ಕರೆಸಿ ಮರದ ಹಲಗೆಯ ಗೋಡೆ ಕಟ್ಟಿಸಿದ. ಕಬ್ಬಿಣದ ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆಂದು ಬಡಗಿ ತಾಮ್ರದ ಮೊಳೆ ತರಿಸಿದ. ಹಲಗೆಯನ್ನು ದಾಟಿ ಕಂಬದೊಳಗೆ ಆಳವಾಗಿ ಇಳಿಯುವಷ್ಟು ಉದ್ದದ್ದು. ಕೆಳಗಿನ ಹಲಗೆಯ ಮೇಲಂಚನ್ನು ಮೇಲಿನ ಹಲಗೆ ಮುಚ್ಚುವಂತೆ ಜೋಡಿಸಿದ. ಆದರೆ ಪ್ರತಿ ಹಲಗೆಗೂ ಕೆಳ ಅಂಚಿನ ಬಳಿ ಮಾತ್ರ, ಅಡಿಯ ಹಲಗೆಗೆ ತಾಗದಂತೆ ಮೊಳೆ ಹೊಡೆದ.

ವ್ಯಾಪಾರಿ ಕೇಳಿದ: "ಮೇಲಂಚಿಗೆ ಮೊಳೆ ಎಲ್ಲಿ? ಗಾಳಿಗೆ ಕಿತ್ತುಹೋದರೆ ನಿಮ್ಮಪ್ಪ ಬಂದು ಹಿಡಿದುಕೊಳ್ಳುತ್ತಾನೇನು?"

"ಮರ ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ ಧಣಿ. ಒಂದು ಅಂಚನ್ನು ಮೊಳೆ ಹಿಡಿದಿರಲಿ. ಇನ್ನೊಂದು ಅಂಚು ಮೇಲಿನ ಹಲಗೆಯ ಅಡಿಯಲ್ಲಿ ತನ್ನಷ್ಟಕ್ಕೆ ಜಾರಲಿ," ಎಂದು ಬಡಗಿ ಹೇಳಿ ಹೋದ.

ಮೊದಲ ಗಾಳಿಗೆ ಹಲಗೆಗಳು ಕಿರುಗುಟ್ಟಿದವು. ಬೀಳಲಿಲ್ಲ, ಕಿರುಗುಟ್ಟಿದವು ಅಷ್ಟೆ. ವ್ಯಾಪಾರಿಗೆ ಅದೇ ಸಾಕಾಯಿತು. ಉಳಿದ ಮೊಳೆಗಳನ್ನು ತಂದು, ಒಂದು ಹಲಗೆಯ ಕೆಳಗೆ ಇನ್ನೊಂದು ಅಡಗಿದ್ದ ಕಡೆ, ಎರಡನ್ನೂ ಸೇರಿಸಿ ಹೊಡೆದ. ಈಗ ಪ್ರತಿ ಹಲಗೆಯ ಎರಡೂ ಅಂಚು ಬಿಗಿಯಾದವು. ಸದ್ದು ನಿಂತಿತು. ಮಾತು ಕೇಳುವ ಗೋಡೆ ಅಂದರೆ ಇದು ಎಂದು ಬೀಗಿದ.

ಬೇಸಿಗೆ ಬಂತು. ಉಗ್ರಾಣ ಉಪ್ಪಿನಿಂದ ತುಂಬಿತು. ಬಿಸಿಲೇರಿದಂತೆ ಮರ ಕುಗ್ಗತೊಡಗಿತು; ಕುಗ್ಗಲು ಜಾಗವಿರಲಿಲ್ಲ. ಒಂದು ಮಧ್ಯಾಹ್ನ ಗೋಡೆ ಟಪ್ಪೆಂದಿತು. ಎಲ್ಲಿ ಸಡಿಲವಾಯಿತೋ ಎಂದು ವ್ಯಾಪಾರಿ ಓಡಿಹೋಗಿ ಅಲ್ಲಿಗೆ ಮತ್ತೊಂದು ಮೊಳೆ ಹೊಡೆದ. ಮತ್ತೆ ಟಪ್ಪೆಂದಿತು. ಮತ್ತೆ ಹೊಡೆದ. ಸುತ್ತಿಗೆ ಅವನ ಕೈಬಿಡಲಿಲ್ಲ. ಹೆಂಡತಿ ಊಟಕ್ಕೆ ಕರೆದರೆ, "ಸುಮ್ಮನಿರು, ಕೇಳಿಸಿಕೊಳ್ಳುತ್ತಿದ್ದೇನೆ" ಅನ್ನುತ್ತಿದ್ದ.

ಮಳೆ ಶುರುವಾದ ದಿನ ಅವನಿಗೆ ಕಂಡಿತು: ಹಲಗೆಗಳೆಲ್ಲ ನಟ್ಟನಡುವೆ ಉದ್ದಕ್ಕೆ ಸೀಳಿದ್ದವು. ಸೀಳಿನೊಳಗಿಂದ ನೀರು ಉಪ್ಪಿನ ರಾಶಿಗೆ ಇಳಿಯುತ್ತಿತ್ತು. ಸೀಳಿದ ಹಲಗೆ ತೆಗೆದು ಬೇರೆಯದನ್ನು ಕೂರಿಸೋಣವೆಂದು ಮೊಳೆ ಕೀಳಲು ಹೋದ. ಚಿಮಟ ಹಾಕಿ ಎಳೆದ, ಜೋತುಬಿದ್ದು ಎಳೆದ. ಅಷ್ಟು ಚೆನ್ನಾಗಿ ಹೊಡೆದಿದ್ದ, ಒಂದೂ ಅಲುಗಲಿಲ್ಲ. ಇತ್ತ ವರ್ಷದ ಉಪ್ಪೆಲ್ಲ ಕರಗಿ ಅವನ ಪಾದದ ಮೇಲೆಯೇ ಹರಿದು ಕಡಲಿಗೆ ಹೋಯಿತು.

ಗುರು ಕತೆ ಮುಗಿಸಿದರು. ಶಿಷ್ಯೆ ತುಸು ಸಿಟ್ಟಿನಿಂದಲೇ ಕೇಳಿದಳು: "ಹಾಗಾದರೆ ಮೊಳೆಯೇ ಬೇಡವೇ?"

"ಬೇಕು. ಮೊದಲನೆಯದನ್ನು ಮರಕ್ಕಾಗಿ ಹೊಡೆದದ್ದು. ಎರಡನೆಯದನ್ನು ವ್ಯಾಪಾರಿ ತನ್ನ ಭಯಕ್ಕಾಗಿ ಹೊಡೆದದ್ದು."

ಶಿಷ್ಯೆ ಸೆರಗು ಸರಿಮಾಡಿಕೊಂಡು ಎದ್ದಳು. ಗುರು ಅವಳನ್ನು ತಡೆದು ಹೇಳಿದರು:

"ಈ ಕತೆಯನ್ನು ಹೋಗಿ ಮಗಳಿಗೆ ಹೇಳು. ಆ ವ್ಯಾಪಾರಿ ಯಾರೆಂದು ಅವಳು ಕೇಳಿದರೆ, ಸುಳ್ಳು ಹೇಳಬೇಡ."