ಕಡಲಿನವರೆಗೆ ಬಂದ ಕಣಗಳು

"ಗುರುಗಳೇ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಲು ಎರಡು ದಾರಿಗಳಿವೆ. ಹೆಚ್ಚು ವಿಷಯಗಳನ್ನು ಓದಿ ಕೊನೆಗೊಂದು ಸಮಗ್ರ ಪರೀಕ್ಷೆ ಬರೆಯುವುದು ಒಂದು. ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸುವುದು ಇನ್ನೊಂದು. ಎರಡಕ್ಕೂ ಸಿಗುವ ಪದವಿ ಒಂದೇ. ನಾನು ಯಾವುದನ್ನು ಹಿಡಿಯಲಿ?" ಎಂದು ಈರಣ್ಣ ಕೇಳಿದ.

ವೃಷಭೇಂದ್ರಯ್ಯ ಮೇಷ್ಟ್ರು ಭೌತಶಾಸ್ತ್ರ ಕಲಿಸುತ್ತಲೇ ತಲೆ ನರೆಸಿಕೊಂಡವರು. ಅವರು ಇದು ಹಿಡಿ, ಅದು ಹಿಡಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಜಾಣೆ. ಬಲವಿಜ್ಞಾನ, ವಿದ್ಯುತ್ಕಾಂತತೆ, ಶಾಖ, ಕ್ವಾಂಟಂ ಎಂದು ಎಲ್ಲರೂ ಓದಲೇಬೇಕಾದ ವಿಷಯಗಳನ್ನು ಅವಳು ಮೊದಲ ವರ್ಷದಲ್ಲೇ ದಾಟಿದಳು. ಊರಿನ ಕಾಲೇಜೊಂದು ಅವಳಿಗೆ ಉಪನ್ಯಾಸಕಿಯ ಕೆಲಸ ಕೊಡಲು ಒಪ್ಪಿತ್ತು. ಪದವಿ ಕೈಗೆ ಬಂದರೆ ಸಾಕಿತ್ತು. ಪರೀಕ್ಷೆಯ ದಾರಿ ಹತ್ತಿರದ ದಾರಿ. ಅವಳು ಅದನ್ನೇ ಆರಿಸಿಕೊಂಡು, ಒಪ್ಪಿಗೆ ಕೇಳಲು ತನ್ನ ಅಧ್ಯಾಪಕಿಯ ಬಳಿಗೆ ಹೋದಳು.

ಅಧ್ಯಾಪಕಿ ಕೇಳಿದರು, "ವೇಗವಾಗಿ ಹೋಗುವ ಗಡಿಯಾರ ನಿಧಾನವಾಗಿ ನಡೆಯುತ್ತದೆ ಎಂದು ಮೊನ್ನೆಯ ಪರೀಕ್ಷೆಯಲ್ಲಿ ಬರೆದಿದ್ದೀಯ. ಉತ್ತರ ಸರಿಯಾಗಿದೆ. ಅದನ್ನು ನಂಬುತ್ತೀಯಾ?"

"ಸೂತ್ರವನ್ನು ಮೊದಲಿನಿಂದ ಸಾಧಿಸಿ ತೋರಿಸಿದ್ದೇನೆ, ಮೇಡಂ."

"ಸಾಧಿಸಿದ್ದನ್ನು ನೋಡಿದ್ದೇನೆ. ನಂಬುತ್ತೀಯಾ ಎಂದು ಕೇಳಿದೆ."

ಹೌದು ಎಂದರೆ ಸುಳ್ಳಾಗುತ್ತಿತ್ತು. ಕಾಲ ಎಂಬುದು ಎಲ್ಲರಿಗೂ ಒಂದೇ ಎಂದೇ ಅವಳ ಒಳಮನಸ್ಸು ತಿಳಿದಿತ್ತು. ಹಾಳೆಯ ಮೇಲೆ ಬೇರೆ ಬರೆದಿದ್ದಳು, ಅಷ್ಟೆ. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಒಂದು ವಾರ ಯೋಚಿಸಿ, ಪ್ರಬಂಧದ ದಾರಿಗೆ ಹೆಸರು ಬರೆಸಿದಳು.

ಅವಳು ಹಿಡಿದ ವಿಷಯ ಇದು. ಆಕಾಶದ ತುದಿಯಲ್ಲಿ ಕ್ಷಣಕ್ಷಣಕ್ಕೂ ಮ್ಯುಯಾನ್ ಎಂಬ ಸಣ್ಣ ಕಣಗಳು ಹುಟ್ಟುತ್ತವೆ. ಹುಟ್ಟಿದೊಡನೆ ನೆಲದ ಕಡೆಗೆ ಧಾವಿಸುತ್ತವೆ. ಅವುಗಳ ವೇಗ ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಮಾತ್ರ ಕಡಿಮೆ. ಆದರೆ ಅವುಗಳಿಗೆ ಆಯುಸ್ಸಿಲ್ಲ. ರೆಪ್ಪೆ ಬಡಿಯುವ ಹೊತ್ತನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಬದುಕಿ ಅಳಿದುಹೋಗುತ್ತವೆ. ಎತ್ತರದ ಬೆಟ್ಟದ ಮೇಲೆ ಅವುಗಳನ್ನು ಎಣಿಸಬೇಕು. ಆಮೇಲೆ ಕಡಲ ದಂಡೆಯಲ್ಲಿ ಎಣಿಸಬೇಕು. ಅವುಗಳ ಗಡಿಯಾರವೂ ನಮ್ಮದರಂತೆಯೇ ನಡೆಯುವುದಾದರೆ, ಬೆಟ್ಟದಲ್ಲಿ ಕಂಡ ನೂರರಲ್ಲಿ ಐದಾರು ಮಾತ್ರ ಕಡಲು ಮುಟ್ಟಬೇಕು. ಉಳಿದವು ದಾರಿಯಲ್ಲೇ ಸಾಯಬೇಕು. ಅವುಗಳ ಗಡಿಯಾರ ನಿಧಾನವಾಗಿ ನಡೆಯುವುದಾದರೆ, ಅದಕ್ಕಿಂತ ಬಹಳ ಹೆಚ್ಚು ಬದುಕಿ ಬರಬೇಕು.

ಕಣ ಹಾದಾಗ ಮಿನುಗುವ ಎರಡು ಹಲಗೆಗಳನ್ನು ಅವಳು ಒಂದರ ಮೇಲೊಂದು ಜೋಡಿಸಿದಳು. ಎರಡೂ ಒಟ್ಟಿಗೆ ಮಿನುಗಿದರೆ ಯಂತ್ರ ಟಿಕ್ ಎನ್ನುತ್ತಿತ್ತು. ಆ ಮಿನುಗು ಬಹಳ ಮಂದ. ಸೂಜಿಮೊನೆಯಷ್ಟು ಹೊರಬೆಳಕು ಒಳಗೆ ಬಿದ್ದರೂ ಎಣಿಕೆ ಕೆಡುತ್ತಿತ್ತು. ಅವಳು ಹಲಗೆಗಳಿಗೆ ಕಪ್ಪು ಟೇಪು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಯಂತ್ರ ಸರಿಯಾಗಿ ಎಣಿಸಲು ಕಲಿಯುವಷ್ಟರಲ್ಲಿ ಜೊತೆಯವರು ಪರೀಕ್ಷೆ ಬರೆದು ಪದವಿ ಪಡೆದಿದ್ದರು. ಊರಿನ ಕಾಲೇಜು ಕಾದು ನೋಡಿ, ಆ ಕೆಲಸವನ್ನು ಅವರಲ್ಲೊಬ್ಬನಿಗೆ ಕೊಟ್ಟಿತು.

ಅವಳು ಬೆಟ್ಟ ಹತ್ತಿ ಎಣಿಸಿದಳು. ಇಳಿದು ಕಡಲಿಗೆ ಹೋಗಿ ಎಣಿಸಿದಳು. ಲೆಕ್ಕ ಹಾಕಿ ನೋಡಿದರೆ ಪುಸ್ತಕದಲ್ಲಿ ಇದ್ದದ್ದೇ ಬಂದಿತ್ತು. ಪ್ರಬಂಧವನ್ನೂ ಬರೆದು ಮುಗಿಸಿದಳು. ಒಪ್ಪಿಸುವ ವಾರದಲ್ಲಿ ಹಲಗೆಗಳನ್ನು ಎತ್ತಿಡಲು ಹೋದಾಗ, ಒಂದು ಅಂಚಿನಲ್ಲಿ ಟೇಪು ಎದ್ದಿರುವುದು ಕಣ್ಣಿಗೆ ಬಿತ್ತು. ಟೇಪಿನ ಅಂಟಿನಲ್ಲಿ ಕಡಲ ಮರಳು ಮೆತ್ತಿಕೊಂಡಿತ್ತು. ಕಡಲ ದಂಡೆಯಲ್ಲಿ ಯಂತ್ರ ಎಣಿಸಿದ್ದು ಕಣಗಳನ್ನೋ ಸೋರಿದ ಬೆಳಕನ್ನೋ, ಯಾರೂ ಹೇಳುವಂತಿರಲಿಲ್ಲ.

ಅವಳು ವಿಭಾಗದ ಮುಖ್ಯಸ್ಥರ ಬಳಿಗೆ ಹೋಗಿ ಇನ್ನಷ್ಟು ಸಮಯ ಕೇಳಿದಳು.

"ಅವಧಿ ಒಂದೇ ಸಲ ವಿಸ್ತರಿಸಬಹುದು. ಅದೂ ಮುಗಿದರೆ ಪದವಿ ಇಲ್ಲ. ನಿನಗೆ ಬಂದ ಉತ್ತರ ಸರಿಯಾಗಿಯೇ ಇದೆಯಲ್ಲಮ್ಮ?" ಎಂದರು ಅವರು.

"ಉತ್ತರ ಸರಿ ಇದೆ, ಸರ್. ಅದು ನನಗೆ ಬಂದದ್ದಲ್ಲ."

ಮುಖ್ಯಸ್ಥರು ಅವಧಿ ವಿಸ್ತರಿಸಿದರು.

ಅವಳು ಮತ್ತೆ ಬೆಟ್ಟ ಹತ್ತಿದಳು. ಗಾಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಯಂತ್ರವನ್ನು ಕಲ್ಲುಗಳ ನಡುವೆ ಇಟ್ಟು ಎಣಿಸಿದಳು. ಆಮೇಲೆ ಕಡಲ ದಂಡೆಗೆ ಬಂದಳು. ಮೀನುಗಾರರು ಬಲೆ ಇಡುವ ಒಂದು ಚಪ್ಪರದಲ್ಲಿ ಜಾಗ ಸಿಕ್ಕಿತು. ಈ ಸಲ ಟೇಪಿನ ಮೇಲೆ ಟೇಪು ಸುತ್ತಿ, ಅದರ ಮೇಲೆ ಕಪ್ಪು ಬಟ್ಟೆ ಹೊದಿಸಿದಳು. ಟಾರ್ಚು ಹಿಡಿದು ಅಂಚು ಅಂಚನ್ನೂ ಪರೀಕ್ಷಿಸಿದಳು. ಎಲ್ಲಿಯೂ ಸೋರಿಕೆ ಇರಲಿಲ್ಲ. ಮೊದಲ ಸಲ ಎಣಿಸಿದ್ದೆಲ್ಲ ಸೋರಿದ ಬೆಳಕೇ ಆಗಿದ್ದರೆ ಈಗ ಯಂತ್ರ ಸುಮ್ಮನಾಗಿಬಿಡಬಹುದು ಎಂದು ಅವಳಿಗೆ ಭಯವಾಯಿತು. ಸುಮ್ಮನಾದರೆ ಪ್ರಬಂಧವಿಲ್ಲ, ಪದವಿಯೂ ಇಲ್ಲ. ಗುಂಡಿ ಒತ್ತಿದಳು.

ಯಂತ್ರ ಟಿಕ್ ಎಂದಿತು. ಮತ್ತೆ ಟಿಕ್ ಎಂದಿತು. ಸದ್ದು ನಿಲ್ಲಲಿಲ್ಲ. ಬೆಟ್ಟದಲ್ಲಿ ಕೇಳಿದ್ದಕ್ಕಿಂತ ಕೊಂಚ ತೆಳುವಾಗಿ, ಮಳೆ ಹನಿಯುವ ಹಾಗೆ, ಒಂದರ ಹಿಂದೊಂದು ಬರುತ್ತಲೇ ಇತ್ತು. ನೂರರಲ್ಲಿ ಐದಾರು ಬರಬೇಕಾದ ಕಡೆ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದವು. ಯಾವಾಗಲೋ ಸಾಯಬೇಕಿದ್ದವು ಸಾಯದೆ ಬರುತ್ತಿದ್ದವು. ನಮ್ಮ ಲೆಕ್ಕದಲ್ಲಿ ಅವುಗಳ ಆಯುಸ್ಸು ಎಂದೋ ತೀರಿತ್ತು. ಅವುಗಳ ಲೆಕ್ಕದಲ್ಲಿ ಇನ್ನೂ ತೀರಿರಲಿಲ್ಲ.

ಅವಳು ಮರಳಿನ ಮೇಲೆ ಕುಳಿತುಬಿಟ್ಟಳು. ಈ ಸೂತ್ರವನ್ನು ಅವಳು ಎಷ್ಟೋ ಸಲ ಬರೆದಿದ್ದಳು. ಈಗ ಅದು ಎದುರಿಗೆ ನಿಂತು ಮಾತಾಡುತ್ತಿತ್ತು. ಕಡಲು, ಚಪ್ಪರ, ತನ್ನ ಮೈ, ಎಲ್ಲದರ ಮೂಲಕ ಬೇರೆ ಬೇರೆ ಕಾಲಗಳು ಹಾದುಹೋಗುತ್ತಿವೆ ಎಂದು ಅವಳಿಗೆ ಅನ್ನಿಸಿತು. ಎಣಿಕೆ ಬರೆದುಕೊಳ್ಳುವುದನ್ನೂ ಮರೆತಳು.

ಬಲೆ ಹೆಣೆಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು. "ಎಂತ ಮಗಾ ಅದು, ಸದ್ದು ಮಾಡುವುದು?"

"ಆಕಾಶದಿಂದ ಸಣ್ಣ ಕಣಗಳು ಬೀಳುತ್ತಿವೆ, ಅಮ್ಮ. ಒಂದೊಂದು ಬಿದ್ದಾಗಲೂ ಸದ್ದಾಗುತ್ತದೆ."

ಮುದುಕಿ ತನ್ನ ಅಂಗೈಯನ್ನು ಹಲಗೆಯ ಮೇಲೆ ಅಡ್ಡ ಹಿಡಿದಳು. ಸದ್ದು ನಿಲ್ಲಲಿಲ್ಲ. "ನನ್ನ ಕೈ ತೂರಿ ಹೋಗ್ತದಾ?"

"ಹೌದಮ್ಮ."

"ಹುಟ್ಟಿದಾಗಿನಿಂದಲೂ?"

"ಹುಟ್ಟುವ ಮುಂಚಿನಿಂದಲೂ."

ಮುದುಕಿ ಕೈಯನ್ನು ತಿರುವಿ ತಿರುವಿ ನೋಡಿಕೊಂಡಳು. ಆಮೇಲೆ ಹುಡುಗಿಯ ಪಕ್ಕದಲ್ಲಿ ಕುಳಿತಳು. ಇಬ್ಬರೂ ಆ ಸದ್ದನ್ನು ಕೇಳಿದರು.

ಕೊಟ್ಟ ಅವಧಿಯ ಒಳಗೆ ಅವಳು ಪ್ರಬಂಧ ಒಪ್ಪಿಸಿದಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ವಿದ್ವಾಂಸರು ಬಂದಿದ್ದರು. ಅವರು ಪ್ರಬಂಧವನ್ನು ಮುಚ್ಚಿಟ್ಟು ಹೇಳಿದರು, "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇದರಲ್ಲಿ ಹೊಸದೇನೂ ಇಲ್ಲವಲ್ಲ. ಇದು ಬಹಳ ಕಾಲದಿಂದ ಎಲ್ಲರಿಗೂ ಗೊತ್ತಿರುವುದೇ."

"ಹೌದು ಸರ್," ಎಂದಳು ಅವಳು. "ನನಗೆ ಗೊತ್ತಿರಲಿಲ್ಲ."

ವಿದ್ವಾಂಸರು ಎದ್ದು ನಿಂತು ಅವಳಿಗೆ ಕೈಮುಗಿದರು. ಅವಳಿಗೆ ಪದವಿ ಬಂತು.

ಮೇಷ್ಟ್ರು ಕತೆ ನಿಲ್ಲಿಸಿದರು. ಈರಣ್ಣನ ಕಣ್ಣು ಅವನಿಗೇ ತಿಳಿಯದಂತೆ ಅವನ ಅಂಗೈಯ ಕಡೆ ಹೋಗಿತ್ತು. ಅವನು, "ಹಾಗಾದರೆ ಪ್ರಬಂಧದ ದಾರಿಯೇ ದೊಡ್ಡದು ಎಂದಾಯಿತಲ್ಲವೇ, ಗುರುಗಳೇ?" ಎಂದ.

ಮೇಷ್ಟ್ರು ಹೇಳಿದರು, "ದಾರಿಯನ್ನು ನಾಳೆ ಆರಿಸೋಣ; ನೀನು ಸರಿಯಾಗಿ ಬರೆದ ಉತ್ತರಗಳಲ್ಲಿ ನಿನಗೆ ಗೊತ್ತಿಲ್ಲದ್ದು ಯಾವುದು, ಅದನ್ನು ಈಗ ಹೇಳು."